ಹಳದಿ ಚೀಟಿಯ ಮೇಲಿನ ನಂಬರು

"ಎಂಬತ್ತನಾಲ್ಕು ಅಂತ ಬರೆದಿದ್ದೀರಲ್ಲಾ... ಎಲ್ರೀ ಆ ಎಂಬತ್ತನಾಲ್ಕು? ತೋರಿಸಿ ನೋಡೋಣ!"

ಕೌಂಟರಿನ ಗಾಜಿನ ಮೇಲೆ ಅವನು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡನ್ನು ಕುಕ್ಕಿದ ರಭಸಕ್ಕೆ ಡಬ್ಬಿಯಲ್ಲಿದ್ದ ಪುಟ್ಟ ಸ್ಕ್ರೂಗಳೆಲ್ಲ ಕುಣಿದು ನೆಲಕ್ಕೆ ಉದುರಿದವು.

ಬೆಸುಗೆ ಕಡ್ಡಿ ಹಿಡಿದು ಬಗ್ಗಿ ಕೂತಿದ್ದ ಗುಬ್ಬಿ ಬೆಚ್ಚಿ ತಲೆಯೆತ್ತಿದಳು.

ಎತ್ತರದ ಆಳು. ಶರ್ಟಿನ ತೋಳಿನ ತುಂಬ ಸೀಮೆಸುಣ್ಣದ ಪುಡಿ. ಸಿಟ್ಟಿಗೆ ಎರಡು ಕಿವಿಯೂ ಕೆಂಪೇರಿದ್ದವು.

"ಸ್ವಲ್ಪ ಮೆಲ್ಲಗೆ ಮಾತಾಡಿ ಸರ್... ಒಳಗೆ ನಮ್ಮ ಮಾಮ ಮಲಗಿದ್ದಾರೆ."

"ಎಬ್ಬಿಸಿ ಅವರನ್ನ! ಅವರೇ ತಾನೇ ಈ ಹಳದಿ ಚೀಟಿ ಅಂಟಿಸಿದ್ದು? ಪಕ್ಕದ ಮನೆಯವನ ಕಾರ್ಡಿಗೆ ಎಪ್ಪತ್ತೊಂದು. ಅದು ಕುದುರೆ ಥರ ಓಡ್ತಿದೆ. ನಂದು ಎಂಬತ್ತನಾಲ್ಕು. ಎರಡು ಹೆಜ್ಜೆ ಇಟ್ಟು ಮಕಾಡೆ ಬೀಳುತ್ತೆ!"

ಗುಬ್ಬಿ ಕಾರ್ಡ್ ತೆಗೆದುಕೊಂಡು ಪರೀಕ್ಷೆಯ ಮೇಜಿಗೆ ಜೋಡಿಸಿದಳು. ಅವನು ಬುಸುಗುಡುತ್ತಲೇ ನೆಲಕ್ಕೆ ಬಗ್ಗಿ, ತಾನು ಉದುರಿಸಿದ ಸ್ಕ್ರೂಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. ಅದನ್ನು ಓರೆಗಣ್ಣಲ್ಲಿ ಕಂಡ ಅವಳಿಗೆ ನಗು ಬಂತು. ಬೈಯಲು ಬಂದವನು ಕಸ ಆರಿಸುತ್ತಿದ್ದಾನಲ್ಲ!

ಪರದೆಯ ಮೇಲೆ ನಂಬರು ಮೂಡಿತು. ಎಂಬತ್ತನಾಲ್ಕೇ. ಚೀಟಿಯಲ್ಲಿ ಸುಳ್ಳಿರಲಿಲ್ಲ. ಆದರೆ ಕಾರ್ಖಾನೆ ಇಟ್ಟ ವೇಗಕ್ಕಿಂತ ಒಂಚೂರು ಮೇಲೆ ತಳ್ಳಿದ್ದೇ ತಡ, ಚಿತ್ರ ಒಡೆದು ಚೂರುಚೂರಾಯಿತು.

"ನೋಡಿದ್ರಾ!" ಅಂದ ಅವನು, ಮುಷ್ಟಿ ತುಂಬ ಸ್ಕ್ರೂ ಹಿಡಿದುಕೊಂಡೇ. "ಹೋಗ್ಲಿ, ಇದಕ್ಕಿಂತ ದೊಡ್ಡ ನಂಬರಿಂದು ಇದ್ರೆ ಕೊಡಿ. ತೊಂಬತ್ತರ ಮೇಲಿಂದು. ಈ ಸಲ ಕಾರ್ಡ್ ಓಡಿಸೋ ಸ್ಪರ್ಧೇಲಿ ನಾನು ಕೊನೆಯವನಾಗಬಾರದು ಅಷ್ಟೇ."

"ಬೇಡ..."

ಮಾತು ಬಾಯಿಂದ ಜಾರಿಯೇ ಹೋಯಿತು! ಗುಬ್ಬಿ ಗಾಬರಿಯಿಂದ ಒಳಕೋಣೆಯ ಬಾಗಿಲಿನ ಕಡೆ ನೋಡಿದಳು. ಮಾಮನ ಗೊರಕೆ ಕೇಳುತ್ತಿತ್ತು.

"ಏನು ಬೇಡ?"

ಅವಳು ದನಿ ತಗ್ಗಿಸಿದಳು. "ದೊಡ್ಡ ನಂಬರ್ ಬೇಡ... ಅದನ್ನ ನಂಬಿ ತಗೋಬೇಡಿ."

ಅವನ ಕಿವಿಯ ಕೆಂಪು ಮೆಲ್ಲಗೆ ಇಳಿಯಿತು. ಸ್ಕ್ರೂಗಳನ್ನು ಡಬ್ಬಿಗೆ ಸುರಿದು, ಅವಳಷ್ಟೇ ಮೆಲುದನಿಯಲ್ಲಿ ಕೇಳಿದ. "ಮತ್ತೆ ಯಾವುದು ತಗೊಳ್ಳಲಿ?"

ಮೂಲೆಯ ಕಪಾಟಿನಿಂದ ಯಾರೂ ಮೂಸಿ ನೋಡದ ಒಂದು ಕಾರ್ಡನ್ನು ತಂದು ಅವನ ಮುಂದಿಟ್ಟಳು. ಚೀಟಿಯ ಮೇಲೆ ಅರವತ್ತೆರಡು ಅಂತಿತ್ತು.

"ತಮಾಷೆ ಮಾಡ್ತಿದ್ದೀರಾ?"

"ಇದನ್ನ ನಾನೇ ಓಡಿಸಿ ನೋಡಿದ್ದೀನಿ... ಒಂದ್ಸಲ ನೀವೂ ನೋಡಿ. ಆಮೇಲೆ ಬೈಯೋಕೆ ಬನ್ನಿ."

ಅವನು ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ಕಾರ್ಡನ್ನು ಎತ್ತಿಕೊಂಡು ಹೊರಟೇಬಿಟ್ಟ.

'ಅಯ್ಯೋ, ಏನು ಮಾಡಿಬಿಟ್ಟೆ ನಾನು!' ಗುಬ್ಬಿ ಬೆಸುಗೆ ಕಡ್ಡಿಯನ್ನು ಎತ್ತಿ, ಮತ್ತೆ ಕೆಳಗಿಟ್ಟಳು. 'ಮಾಮನ ಅಂಗಡೀಲಿ ಕೂತು ಮಾಮನ ನಂಬರನ್ನೇ ನಂಬಬೇಡಿ ಅಂದುಬಿಟ್ಟೆನಲ್ಲ...'

ಆ ಗಾಬರಿಗೆ ಕಾರಣವಿತ್ತು.

ಹನ್ನೊಂದರ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು, ಅಪ್ಪನಿಗೂ ಬೇಡವಾಗಿ, ಒಂದು ಚೀಲ ಬಟ್ಟೆಯೊಂದಿಗೆ ಈ ಮನೆಗೆ ಬಂದವಳು ಅವಳು. ಕಡ್ಡಿಯಂತಿದ್ದ ಹುಡುಗಿಯನ್ನು ಅತ್ತೆ 'ಗುಬ್ಬಿ' ಅಂದಳು. ಅದೇ ಹೆಸರಾಯಿತು. ಸೋದರಮಾವ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಸುಗೆ ಹಾಕುವುದನ್ನು ಕಲಿಸಿದ. ಸುಟ್ಟ ಕಾರ್ಡಿಗೆ ಜೀವ ಕೊಡುವುದನ್ನು ಕಲಿಸಿದ. ಈಗ ಅವಳಿಗೆ ಮೂವತ್ತೊಂದು. ಮಾಮನ ಕಣ್ಣು ಮಂಜಾದ ಮೇಲೆ ಅಂಗಡಿಯ ಸೂಕ್ಷ್ಮ ಕೆಲಸವೆಲ್ಲ ಅವಳದೇ.

ಮಾಮನಿಗೆ ಹೆಸರು ತಂದದ್ದು ಆ ಹಳದಿ ಚೀಟಿ. ಒಂದೇ ಅಚ್ಚಿನ ಚಿಪ್‌ಗಳಾದರೂ ಒಂದರಂತೆ ಒಂದಿರುವುದಿಲ್ಲ. ಒಳಗೆ ಕರೆಂಟು ಒಂದರಲ್ಲಿ ಹೆಚ್ಚು ಸೋರುತ್ತದೆ, ಇನ್ನೊಂದರಲ್ಲಿ ಕಡಿಮೆ. ಆ ಸೋರಿಕೆಯನ್ನು ಓದಿ ನೂರಕ್ಕೆ ಇಷ್ಟು ಅಂತ ಗುಣದ ನಂಬರು ಹೇಳುವ ತಂತ್ರಾಂಶವೊಂದಿದೆ. ಮಾಮ ಪ್ರತಿ ಹಳೆಯ ಕಾರ್ಡಿನ ನಂಬರನ್ನೂ ಓದಿ ಚೀಟಿ ಬರೆದು ಅಂಟಿಸುತ್ತಿದ್ದ. ಕಾರ್ಡನ್ನು ಅದರ ಮಿತಿ ಮೀರಿ ಓಡಿಸುವ ಓವರ್‌ಕ್ಲಾಕಿಂಗ್ ಹುಚ್ಚಿನವರು ದೂರದೂರದಿಂದ ದೊಡ್ಡ ನಂಬರು ಹುಡುಕಿಕೊಂಡು ಬರುತ್ತಿದ್ದರು.

"ನಂಬರ್ ಸುಳ್ಳು ಹೇಳಲ್ಲ ಕಣೇ," ಅನ್ನುತ್ತಿದ್ದ ಮಾಮ, ಚೀಟಿಯನ್ನು ಹೆಬ್ಬೆರಳಲ್ಲಿ ತೀಡುತ್ತ.

ಒಮ್ಮೆ, ಕೇವಲ ಒಮ್ಮೆ, ಅವಳು ಬಾಯಿಬಿಟ್ಟಿದ್ದಳು. "ಮಾಮ, ಈ ಎಂಬತ್ತೊಂಬತ್ತು ಓಡ್ತಾನೇ ಇಲ್ಲ. ಆ ಅರವತ್ತೈದು..."

"ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು ನನಗೆ ಹೇಳ್ತೀಯಾ!" ಅಂದುಬಿಟ್ಟಿದ್ದ. ಅವತ್ತೇ ಕೊನೆ. ಅನ್ನ ಹಾಕಿದ ಕೈಗೆ ಎದುರಾಡುವುದು ಹೇಗೆ? ಓಡಿಸಿ ಕಂಡದ್ದನ್ನೆಲ್ಲ ಅವಳು ಗುಟ್ಟಾಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದಳು.

ಮುಂದಿನ ಶನಿವಾರ ಮಧ್ಯಾಹ್ನ ಆ ಎತ್ತರದ ಆಳು ಮತ್ತೆ ಬಂದ. ಈ ಸಲ ಕಿವಿ ಕೆಂಪಗಿರಲಿಲ್ಲ.

"ರೀ... ಅರವತ್ತೆರಡು ಓಡ್ತು ರೀ!" ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ಅವನ ಮುಖ ಅರಳಿತ್ತು. "ಹೆಂಗೆ ಇದು? ಸ್ವಲ್ಪ ಹೇಳಿಕೊಡಿ. ನಾನು ಶಾಲೇಲಿ ವಿಜ್ಞಾನ ಹೇಳೋ ಮೇಷ್ಟ್ರು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋಕೆ ನಾಚಿಕೆ ಇಲ್ಲ ನನಗೆ."

ಅತ್ತೆ ಒಳಗಿನಿಂದ ಟೀ ತಂದಿಟ್ಟು, ಅವನ ತೋಳು ನೋಡಿ ನಕ್ಕಳು. "ಬಂತಾ ಸೀಮೆಸುಣ್ಣ!"

ಆಮೇಲೆ ಪ್ರತಿ ಶನಿವಾರವೂ ಸೀಮೆಸುಣ್ಣ ಬರುತ್ತಲೇ ಹೋಯಿತು.

ಮಾಮ ಮುಂದಿನ ಕೌಂಟರಿನಲ್ಲಿ ಗಿರಾಕಿಗಳಿಗೆ ಚೀಟಿ ತೋರಿಸುತ್ತಿದ್ದರೆ, ಹಿಂದಿನ ಮೇಜಿನಲ್ಲಿ ಇವರಿಬ್ಬರು ಕಾರ್ಡ್ ಓಡಿಸುತ್ತಿದ್ದರು. ಅವನು ವರ್ಷಕ್ಕೊಮ್ಮೆ ನಡೆಯುವ ಓವರ್‌ಕ್ಲಾಕಿಂಗ್ ಸ್ಪರ್ಧೆಗೆ ಐದು ಸಲ ಹೋಗಿ ಐದು ಸಲವೂ ಕೊನೆಯವನಾಗಿ ಬಂದವನು. ಅದನ್ನೂ ನಗುತ್ತಲೇ ಹೇಳುತ್ತಿದ್ದ.

"ಹಾಗಾದ್ರೆ ಯಾವುದು ಮುಖ್ಯ? ನಂಬರ್ ಅಲ್ಲದೆ?" ಅಂತ ಒಮ್ಮೆ ಕೇಳಿದ.

"ಕಾವು ಎಷ್ಟು ಬೇಗ ಹೊರಗೆ ಹೋಗುತ್ತೆ ಅನ್ನೋದು... ಬೋರ್ಡು ಕರೆಂಟನ್ನ ತೊದಲದೆ ಕೊಡುತ್ತಾ ಅನ್ನೋದು... ಮಿಕ್ಕಿದ್ದು ಓಡಿಸಿ ನೋಡಿದ ಮೇಲೇ ಗೊತ್ತಾಗೋದು. ಕೆಲವು ಹೆಚ್ಚು ಸೋರೋ ಚಿಪ್‌ಗಳು ಬಿಸಿ ಆಗ್ತವೆ ನಿಜ. ಆದ್ರೆ ಚೆನ್ನಾಗಿ ತಣ್ಣಗಿಟ್ರೆ ಅವೇ ಎಲ್ಲಕ್ಕಿಂತ ಮುಂದೆ ಹೋಗ್ತವೆ. ಕೆಲವು ಹೋಗಲ್ಲ. ಯಾಕೆ ಅಂತ ಕೇಳಿದ್ರೆ... ನನಗೂ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋಕೆ ನಿಮಗೂ ನಾಚಿಕೆ ಇಲ್ಲ," ಅಂದ ಅವನು.

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಕಣ್ಣುಗಳು ಕದಲಲಿಲ್ಲ. ಗುಬ್ಬಿ ತಟ್ಟನೆ ಬಗ್ಗಿ, ಈಗಾಗಲೇ ಬಿಗಿಯಾಗಿದ್ದ ಸ್ಕ್ರೂ ಒಂದನ್ನು ಮತ್ತೆ ಬಿಗಿಮಾಡತೊಡಗಿದಳು.

ಅವತ್ತೇ ಅವಳು ಆ ನೋಟ್‌ಬುಕ್ಕನ್ನು ತೆಗೆದು ಅವನ ಕೈಗಿಟ್ಟಿದ್ದು.

ನಾಲ್ಕು ವರ್ಷಗಳ ಕೆಲಸ. ಇನ್ನೂರ ಹದಿನಾಲ್ಕು ಕಾರ್ಡುಗಳು. ಒಂದು ಕಡೆ ಚೀಟಿಯ ನಂಬರು, ಇನ್ನೊಂದು ಕಡೆ ಆ ಕಾರ್ಡು ನಿಜವಾಗಿ ಮುಟ್ಟಿದ ವೇಗ. ಕೊನೆಯ ಪುಟದಲ್ಲಿ ಅವಳೇ ಇಟ್ಟ ಚುಕ್ಕಿಗಳ ನಕ್ಷೆ. ನಂಬರು ಏರಿದಂತೆ ವೇಗವೂ ಏರಿದ್ದರೆ ಚುಕ್ಕಿಗಳು ಏಣಿಯಂತೆ ಮೇಲೇರಬೇಕಿತ್ತು. ಇಲ್ಲಿ ಚೆಲ್ಲಿದ ಸಾಸಿವೆಯಂತೆ ಎಲ್ಲೆಲ್ಲೋ ಬಿದ್ದಿದ್ದವು.

ಮೇಷ್ಟ್ರು ಒಂದೊಂದೇ ಪುಟ ತಿರುವುತ್ತ ಕೊನೆಯ ನಕ್ಷೆಗೆ ಬಂದ. "ಇದನ್ನ ಯಾರಿಗೆ ತೋರಿಸಿದ್ದೀರಿ?"

"ಯಾರಿಗೂ ಇಲ್ಲ... ನಿಮಗೇ ಮೊದಲು."

"ಇದನ್ನ ಎಲ್ರೂ ನೋಡಬೇಕು ರೀ! ನಮ್ಮ ಸ್ಪರ್ಧೆಯವರ ಜಾಲತಾಣದಲ್ಲಿ ಹಾಕೋಣ. ಎಷ್ಟು ಜನ ಈ ನಂಬರ್ ಹಿಂದೆ ಬಿದ್ದು..."

"ಬೇಡ!" ಅವಳು ನೋಟ್‌ಬುಕ್ಕನ್ನು ಕಿತ್ತುಕೊಂಡು ಎದೆಗವಚಿಕೊಂಡಳು. ಕಣ್ಣು ತುಂಬಿ ಬಂತು. "ಆ ಚೀಟಿ ಅಂದ್ರೆ ನಮ್ಮ ಮಾಮ. ಚೀಟಿ ಸುಳ್ಳು ಅಂದ್ರೆ ಮಾಮನ ಜೀವನವೇ ಸುಳ್ಳು ಅಂದ ಹಾಗೆ. ನನ್ನ ಕೈಯಲ್ಲಿ ಆಗಲ್ಲ... ಅವರು ಇರೋವರೆಗೂ ಇದು ಹೊರಗೆ ಬರಬಾರದು. ಮಾತು ಕೊಡಿ."

ಅವನು ಮೇಜಿನ ಮೇಲಿದ್ದ ಅವಳ ಇನ್ನೊಂದು ಕೈಮೇಲೆ ತನ್ನ ಕೈಯಿಟ್ಟ. ಮೊದಲ ಸಲ.

"ಕೊಟ್ಟೆ," ಅಂದ.

ಅವತ್ತಿನಿಂದ ಮೂರು ವಾರ ಗುಬ್ಬಿ ನೆಲದ ಮೇಲೆ ನಡೆಯಲಿಲ್ಲ ಅಂತಲೇ ಹೇಳಬೇಕು.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ನಾಲ್ಕೈದು ಜನ ಕಾರ್ಡ್ ಹಿಡಿದು ನಿಂತಿದ್ದರು.

"ಏನಮ್ಮಾ, ನಿಮ್ಮ ನಂಬರ್ ಎಲ್ಲಾ ಬರೀ ಬೊಗಳೆಯಂತೆ?" ಅಂದ ಒಬ್ಬ, ತನ್ನ ಫೋನನ್ನು ಅವಳ ಮುಖಕ್ಕೆ ಹಿಡಿದು.

ಗುಬ್ಬಿ ನೋಡಿದಳು. ನೋಡಿ, ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಅವಳದೇ ಅಕ್ಷರ. ಅವಳದೇ ಚುಕ್ಕಿಗಳು. ಇನ್ನೂರ ಹದಿನಾಲ್ಕು ಕಾರ್ಡುಗಳ ಒಂದೊಂದು ಸಾಲೂ! ಅಂಗಡಿಯ ಹೆಸರು ಹಾಕಿರಲಿಲ್ಲ. ಆದರೆ ಹಳದಿ ಚೀಟಿ ಯಾರದು ಅಂತ ಆ ಲೋಕದಲ್ಲಿ ಯಾರಿಗೆ ಗೊತ್ತಿಲ್ಲ?

'ಅವರೊಬ್ಬರಿಗೇ ಗೊತ್ತಿತ್ತು... ಅವರೊಬ್ಬರಿಗೇ...'

ತಿರುಗಿ ನೋಡಿದರೆ ಹಿಂದೆ ಮಾಮ ನಿಂತಿದ್ದ. ಮುಖ ಬೂದಿಯಾಗಿತ್ತು. ಯಾರಿಗೂ ಎದುರಾಡಲಿಲ್ಲ. "ಬನ್ನಿ, ಒಳಗೆ ಬನ್ನಿ. ಬೇಡ ಅಂದವರು ಕಾರ್ಡ್ ವಾಪಸ್ ಕೊಡಿ," ಅಂದನಷ್ಟೇ.

ಗುಬ್ಬಿ ಅಲ್ಲಿ ನಿಲ್ಲಲಾರದೆ ಹೊರಟಳು. ಶಾಲೆ ಇದ್ದದ್ದು ಎರಡು ಬೀದಿ ಆಚೆ. ಹೇಗೆ ತಲುಪಿದಳೋ ಅವಳಿಗೇ ಗೊತ್ತಿಲ್ಲ. ಮೇಷ್ಟ್ರು ಪ್ರಯೋಗಾಲಯದಲ್ಲಿ ಒಬ್ಬನೇ ಗಾಜಿನ ನಳಿಕೆಗಳನ್ನು ತೊಳೆಯುತ್ತಿದ್ದ. ಅವಳನ್ನು ನೋಡಿದ ಕೂಡಲೇ ನಲ್ಲಿ ನಿಲ್ಲಿಸಿದ. ಬರುತ್ತಾಳೆ ಅಂತ ಗೊತ್ತಿದ್ದವನ ಹಾಗೆ.

"ಹಾಕಿದ್ದು ನೀವಾ?"

ಅವನು ತಲೆ ತಗ್ಗಿಸಿದ.

"ನೀವಲ್ಲ ಅಂದುಬಿಡಿ... ಬೇರೆ ಯಾರೋ ಕದ್ದರು ಅನ್ನಿ, ನಂಬ್ತೀನಿ. ಏನು ಹೇಳಿದ್ರೂ ನಂಬ್ತೀನಿ!"

"ಹಾಕಿದ್ದು ನಾನೇ."

"ಯಾಕೆ?"

ಅವನು ಒದ್ದೆ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದ. ನೀರು ತೊಟತೊಟ ನೆಲಕ್ಕೆ ಬೀಳುತ್ತಿತ್ತು.

"ನನ್ನ ಕೈ ಹಿಡಿದು ಮಾತು ಕೊಟ್ಟಿದ್ರಲ್ಲ! ಅಷ್ಟು ಬೇಗ ಹೊಗಳಿಕೆಯ ಆಸೆ ಹತ್ತಿತಾ? ಪಾಪ, ನಮ್ಮ ಮಾಮ... ಬಂದವರ ಮುಂದೆಲ್ಲಾ ಕಳ್ಳನ ಹಾಗೆ ನಿಂತಿದ್ದಾರೆ ಅಲ್ಲಿ. ನೋಡ್ಬೇಕಾ? ಬನ್ನಿ, ನೋಡಿ!"

"ಗುಬ್ಬಿ... ನಾನು..."

"ಹಾಗೆ ಕರೀಬೇಡಿ. ಅದು ನಮ್ಮ ಮನೆಯವರು ಕರೆಯೋ ಹೆಸರು."

ಅವನು ಕಣ್ಣು ಮುಚ್ಚಿಕೊಂಡ. ಹೇಳಲು ಒಂದು ಮಾತಿತ್ತು. ಒಂದೇ ಒಂದು ಮಾತು. ಅದನ್ನು ಹೇಳಿದ್ದರೆ ಅವಳು ಅಲ್ಲೇ ಕುಸಿದು ಕೂರುತ್ತಿದ್ದಳು. ಆದರೆ ಅದನ್ನು ಹೇಳದಂತೆ ಅವನ ಬಾಯಿ ಕಟ್ಟಿಹಾಕಿದ್ದರು. ಹೇಳಿದರೆ ಒಬ್ಬ ಮುದುಕನ ನಂಬಿಕೆ ಮುರಿಯುತ್ತದೆ, ಹೇಳದಿದ್ದರೆ ಇವಳೇ ಕೈತಪ್ಪುತ್ತಾಳೆ.

"ಕ್ಷಮಿಸಿ," ಅಂದ. ಅಷ್ಟೇ.

ಅವಳು ತಿರುಗಿ ನೋಡದೆ ನಡೆದಳು. ಮೆಟ್ಟಿಲಿಳಿಯುವಾಗ ಮಾತ್ರ ಗೋಡೆಗೆ ಒರಗಿ, ಸದ್ದಾಗದಂತೆ ಬಾಯಿಗೆ ಸೆರಗು ಒತ್ತಿ ಅತ್ತಳು.

ಮನೆಯಲ್ಲಿ ಆಮೇಲೆ ಕಳೆದ ದಿನಗಳನ್ನು ಹೇಗೆ ಹೇಳುವುದು?

ಮಾಮ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು! ಅವಳ ಅಕ್ಷರ ಅವನಿಗೆ ಗೊತ್ತಿಲ್ಲವೇ? ಅವಳ ಕೈಬರಹ ತಿದ್ದಿಸಿದವನೇ ಅವನು. ಆದರೂ ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದ, ಅಂಗಡಿಗೆ ಬಂದರೆ ಗೋಡೆ ನೋಡುತ್ತಿದ್ದ. ಅವಳ ಮುಖ ಮಾತ್ರ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಬಾಗಿಲ ಸಂದಿಯಿಂದ ಕಂಡಳು. ಮಾಮ ಕಪಾಟಿನ ಕಾರ್ಡುಗಳನ್ನೆಲ್ಲ ಮುಂದೆ ಹರಡಿಕೊಂಡು, ಮಂಜುಗಣ್ಣಿಗೆ ಹತ್ತಿರ ಹಿಡಿದು, ಬ್ಲೇಡಿನಿಂದ ಹಳದಿ ಚೀಟಿಗಳನ್ನು ಒಂದೊಂದಾಗಿ ಕೆರೆಯುತ್ತಿದ್ದ. ಕೆಲವು ಕಚ್ಚಿಕೊಂಡು ಬರುತ್ತಿರಲಿಲ್ಲ. ಉಗುರಿನಿಂದ ಕೀಳುತ್ತಿದ್ದ.

'ನಾನು ಬರೆಯದೆ ಇದ್ದಿದ್ರೆ... ತೋರಿಸದೆ ಇದ್ದಿದ್ರೆ...'

ಓಡಿಹೋಗಿ ಕಾಲು ಹಿಡಿಯಬೇಕು ಅನ್ನಿಸಿತು. ಆದರೆ ಏನಂತ ಹೇಳುವುದು? 'ನಾನು ಬರೆದದ್ದು ಸುಳ್ಳು ಮಾಮ' ಅನ್ನಲೇ? ಅದು ಸುಳ್ಳಲ್ಲ. 'ನಿಜ' ಅನ್ನಲೇ? ಅದಕ್ಕೆ ನಾಲಿಗೆ ಇಲ್ಲ.

ಮೇಷ್ಟ್ರು ಬರಲಿಲ್ಲ. ಶನಿವಾರಗಳು ಬಂದವು, ಹೋದವು. ಅವಳು ಅವನನ್ನು ಶಪಿಸಬೇಕೆಂದು ಕೂರುತ್ತಿದ್ದಳು. ಶಾಪ ತುಟಿಗೆ ಬರುವಷ್ಟರಲ್ಲಿ ನೆಲಕ್ಕೆ ಬಗ್ಗಿ ಸ್ಕ್ರೂ ಆರಿಸುತ್ತಿದ್ದವನ ಬೆನ್ನು ಕಣ್ಣಮುಂದೆ ಬರುತ್ತಿತ್ತು. ಸಿಟ್ಟು ಮಾಡಿಕೊಳ್ಳಲೂ ಆಗದ ಅಸಹಾಯಕತೆ... ಅದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ?

ಒಂದು ಭಾನುವಾರ ಬೆಳಿಗ್ಗೆ ಅತ್ತೆ ತಟ್ಟೆಯನ್ನು ಅವಳ ಮುಂದೆ ತಳ್ಳಿದಳು. "ತಿನ್ನು. ಗುಬ್ಬಿ ಅಂತ ಹೆಸರಿಟ್ಟಿದ್ದಕ್ಕೆ ಎರಡೇ ಕಾಳು ತಿಂತೀನಿ ಅಂದ್ರೆ ನಡೆಯಲ್ಲ. ಅದಿರಲಿ, ಇವತ್ತು ಆ ಸ್ಪರ್ಧೆ ಅಲ್ವಾ? ಸೀಮೆಸುಣ್ಣ ಒಂದು ಮಾತು ಕರೆಯೋಕೂ ಬರಲಿಲ್ಲ?"

"ಅವರ ಹೆಸರು ಎತ್ತಬೇಡಿ ಅತ್ತೆ!"

"ಯಾಕೇ?"

ಇಷ್ಟು ದಿನ ಕಟ್ಟಿ ಹಿಡಿದಿದ್ದು ಒಡೆದೇಹೋಯಿತು. "ಯಾಕಂದ್ರೆ ಮಾಮನ ಮಾನ ಕಳೆದಿದ್ದು ಅವರೇ! ನನ್ನ ನೋಟ್‌ಬುಕ್ಕನ್ನ ಊರಿಗೆಲ್ಲ ಹಂಚಿದ್ದು ಅವರೇ! ಬೇಡ ಅಂತ ಅಷ್ಟು ಕೇಳ್ಕೊಂಡಿದ್ದೆ... ಆದರೂ..."

ಹಿಂದೆ ಏನೋ ಸದ್ದಾಯಿತು. ಬಾಗಿಲಲ್ಲಿ ಮಾಮ ನಿಂತಿದ್ದ.

"ನೀನು... ಅವನನ್ನ ಬೈದೆಯಾ?" ಅಂದ ಅವನು, ಒಳಗೆ ಬರುತ್ತ. "ಅದಕ್ಕಾ ಅವನು ಬರ್ತಿಲ್ಲ?"

"ಮತ್ತೇನು ಪೂಜೆ ಮಾಡಬೇಕಿತ್ತಾ?"

"ಅವನಲ್ಲ ಕಣೇ." ಮಾಮ ಗೋಡೆ ಹಿಡಿದು ಮೆಲ್ಲಗೆ ಕುರ್ಚಿಗೆ ಕುಸಿದ. "ನಾನು. ನೋಟ್‌ಬುಕ್ ಕೊಟ್ಟವನು ನಾನು."

ಗುಬ್ಬಿ ಮುಂದಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಸ್ಕ್ರೂಡ್ರೈವರ್ ಹುಡುಕ್ತಾ ನಿನ್ನ ಮೇಜಿನ ಖಾನೆ ತೆಗೆದೆ. ಸಿಕ್ತು. ಭೂತಗನ್ನಡಿ ಹಿಡಿದು ಓದಿದೆ. ಸಿಟ್ಟು ಬಂತು... ನಿನ್ನ ತಪ್ಪು ಹಿಡೀಬೇಕು ಅಂತ, ನೀನು ಪೇಟೆಗೆ ಹೋದಾಗೆಲ್ಲ ಇಪ್ಪತ್ತು ಕಾರ್ಡ್ ನಾನೇ ಓಡಿಸಿ ನೋಡಿದೆ. ಒಂದು ವಾರ. ತಪ್ಪೇ ಸಿಗಲಿಲ್ಲ ಕಣೇ. ಒಂದೂ ಸಿಗಲಿಲ್ಲ."

ಗುಬ್ಬಿ ಎದ್ದು ಬಂದು ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ಹುಡುಗಿ ನಾಲ್ಕು ವರ್ಷ ಇಂಥಾ ಕೆಲಸ ಮಾಡಿ, ನನ್ನ ಮಾನಕ್ಕೋಸ್ಕರ ಖಾನೇಲಿ ಮುಚ್ಚಿಟ್ಟಿದ್ದಾಳಲ್ಲ ಅಂತ... ನನಗೇ ನಾಚಿಕೆ ಆಯ್ತು. ಆದ್ರೆ ನಿನ್ನ ಎದುರು ಬಂದು 'ನೀನೇ ಸರಿ, ನಾನೇ ತಪ್ಪು' ಅನ್ನೋ ಧೈರ್ಯ ಇರಲಿಲ್ಲ. ಇಷ್ಟು ವಯಸ್ಸಾಗಿ ಆ ಒಂದು ಮಾತು ಆಡೋಕೆ ಬರಲಿಲ್ಲ ನನಗೆ. ನೋಟ್‌ಬುಕ್ ಹಿಡ್ಕೊಂಡು ಶಾಲೆ ಗೇಟ್ ಹತ್ರ ಹೋಗಿ ನಿಂತೆ. ಅವನು ಬಂದ. ಪುಟಗಳ ಫೋಟೋ ತಗೊಂಡು ನಿಮ್ಮ ತಾಣದಲ್ಲಿ ಹಾಕಪ್ಪಾ ಅಂದೆ."

"ಅವರು... ಒಪ್ಪಿದ್ರಾ?"

"ಎಲ್ಲಿ ಒಪ್ಪಿದ! 'ಅವರಿಗೆ ಮಾತು ಕೊಟ್ಟಿದ್ದೀನಿ, ಅವರನ್ನ ಕೇಳದೆ ಆಗಲ್ಲ' ಅಂದ. 'ಅವಳನ್ನ ಕೇಳಿದ್ರೆ ನಾನು ಸಾಯೋವರೆಗೂ ಬೇಡ ಅಂತಾಳೆ. ಸತ್ತ ಮೇಲೆ ತಪ್ಪು ಒಪ್ಕೊಳ್ಳೋದು ಹೆಂಗಪ್ಪಾ?' ಅಂತ ಬೀದೀಲೇ ಅವನ ಎರಡೂ ಕೈ ಹಿಡಿದುಕೊಂಡೆ. ಕಣ್ಣೀರು ಬಂದುಬಿಡ್ತು ನನಗೆ... ನಾನು ಕೊಟ್ಟೆ ಅಂತ ನಿನಗೆ ಹೇಳಬಾರದು ಅಂತ ಆಣೆ ಮಾಡಿಸ್ಕೊಂಡೆ. ಅದು ಅವನ ಕುತ್ತಿಗೆಗೆ ಬರುತ್ತೆ ಅಂತ... ನನಗೆ ಹೊಳೀಲೇ ಇಲ್ಲ ಗುಬ್ಬಿ."

ಅತ್ತೆ ಹಣೆ ಚಚ್ಚಿಕೊಂಡಳು. "ಒಂದೇ ಸೂರಿನಡಿ ಕೂತು ಮೂರು ಜನ ಬಾಯಿಗೆ ಬೀಗ ಹಾಕ್ಕೊಂಡ್ರಲ್ಲ! ನನ್ನನ್ನಾದ್ರೂ ಕೇಳಬಾರದಾ?"

ಗುಬ್ಬಿಗೆ ಅಳು ಬಂತೋ, ಸಿಟ್ಟು ಬಂತೋ ತಿಳಿಯಲಿಲ್ಲ. ಮಾಮನ ಮೊಣಕಾಲಿಗೆ ಹಣೆ ಒತ್ತಿದಳು. ಚೀಟಿಯ ಅಂಟು ಇನ್ನೂ ಮೆತ್ತಿದ್ದ ಬೆರಳುಗಳು ಅವಳ ತಲೆಗೂದಲನ್ನು ಸವರಿದವು.

"ಎದ್ದೇಳು," ಅಂದ ಮಾಮ. "ಹೋಗು. ಅವನಿಗೆ ಹೇಳು, ಆಣೆ ವಾಪಸ್ ತಗೊಂಡೆ ಅಂತ."

ಸ್ಪರ್ಧೆಯ ಸಭಾಂಗಣ ಊರಿನ ಇನ್ನೊಂದು ತುದಿಯಲ್ಲಿತ್ತು. ಎರಡು ಬಸ್ಸು ಬದಲಿಸಿ ಅವಳು ತಲುಪುವಷ್ಟರಲ್ಲಿ ಮಧ್ಯಾಹ್ನ.

ಉದ್ದಕ್ಕೂ ಮೇಜುಗಳು. ಪ್ರತಿ ಮೇಜಿನ ಮೇಲೂ ಒಂದು ಕಾರ್ಡು, ಅದರ ಚಿಪ್‌ನ ಮೇಲೆ ತಾಮ್ರದ ಲೋಟ, ಚಿಪ್ ತಣ್ಣಗಿಡಲು ಲೋಟಕ್ಕೆ ಸುರಿಯುವ ದ್ರವ ನೈಟ್ರೋಜನ್. ಬಿಳಿ ಹೊಗೆ ಮೇಜಿನಂಚಿನಿಂದ ಇಳಿದು ನೆಲದ ಮೇಲೆ ಹರಿಯುತ್ತಿತ್ತು. ಗೋಡೆಯ ಪರದೆಯಲ್ಲಿ ಯಾರು ಎಷ್ಟು ವೇಗ ಮುಟ್ಟಿದರು ಅಂತ ಪಟ್ಟಿ.

ಮೂರನೆಯ ಸಾಲಿನಲ್ಲಿ ಮೇಷ್ಟ್ರ ಹೆಸರಿತ್ತು! ಐದು ಸಲ ಕೊನೆಯವನಾದವನು... ಅರವತ್ತೆರಡರ ಕಾರ್ಡಿನಲ್ಲಿ... ಮೂರನೆಯವನು!

ಅವಳು ಗುಂಪನ್ನು ತಳ್ಳಿಕೊಂಡು ಮುಂದೆ ಹೋದಳು. ಅವನು ಬಗ್ಗಿ ಲೋಟಕ್ಕೆ ಹೊಯ್ಯುತ್ತಿದ್ದ. ಗಡ್ಡ ಬೆಳೆದಿತ್ತು. ಕಣ್ಣಡಿ ಕಪ್ಪು. ಕೊನೆಯ ಸುತ್ತು ಶುರುವಾಗಿತ್ತು. ಪರದೆಯ ಅಂಕಿ ಏರಿತು... ಇನ್ನೂ ಏರಿತು... ಎರಡನೆಯವನ ಅಂಕಿಯನ್ನು ಇನ್ನೇನು ಮುಟ್ಟಬೇಕು...

ಚಟ್ ಅಂತ ಒಂದು ಸದ್ದು. ಪರದೆ ಕಪ್ಪಾಯಿತು.

ಲೋಟದ ಹೊರಗೆ ಕಟ್ಟಿದ್ದ ಹಿಮ ಕರಗಿ ನೀರಿನ ಒಂದು ಹನಿ ಬೋರ್ಡಿಗೆ ಇಳಿದಿತ್ತು. ಅಷ್ಟೇ. ಕೊನೆಯ ಸುತ್ತು ಮುಗಿಸದವರನ್ನು ಪಟ್ಟಿಯಿಂದ ತೆಗೆಯುವ ನಿಯಮ. ಅವನ ಹೆಸರು ಮೂರನೆಯ ಸಾಲಿನಿಂದ ಮಾಯವಾಯಿತು.

ಅವನು ಕಾರ್ಡನ್ನು ಬಿಚ್ಚಿ, ಸುಟ್ಟ ಜಾಗವನ್ನು ಸುಮ್ಮನೆ ನೋಡುತ್ತ ನಿಂತ. ಯಾರೋ ಬೆನ್ನು ತಟ್ಟಿದರು. ಗೆದ್ದವನನ್ನು ಸುತ್ತುವರಿದ ಜನ ಅವನ ಚಿಪ್‌ನ ನಂಬರೆಷ್ಟು ಅಂತ ಕೇಳುತ್ತಿದ್ದರು. "ಗೊತ್ತಿಲ್ಲಪ್ಪ, ನೋಡೇ ಇಲ್ಲ!" ಅಂತ ಆ ಗೆದ್ದವನು ನಗುತ್ತಿದ್ದ.

"ಅರವತ್ತೆರಡು ಅಂತ ಬಯ್ಯಬೇಡಿ ಅದನ್ನ..." ಅಂದಳು ಗುಬ್ಬಿ, ಹಿಂದಿನಿಂದ.

ಅವನು ತಿರುಗಿದ. ಸುಟ್ಟ ಕಾರ್ಡನ್ನು ಮೇಜಿನ ಮೇಲಿಟ್ಟ.

"ಮಾಮ ಎಲ್ಲಾ ಹೇಳಿದ್ರು. ಆಣೆ ವಾಪಸ್ ತಗೊಂಡಿದ್ದಾರಂತೆ."

ಅವನ ಹೆಗಲು ಕುಸಿಯಿತು, ದೊಡ್ಡ ಹೊರೆ ಇಳಿಸಿದವನ ಹಾಗೆ. "ನಿಮ್ಮ ಹತ್ರ ಹೇಳಬೇಕು ಅಂತ ಎಷ್ಟು ಸಲ ನಿಮ್ಮ ಬೀದಿ ತಿರುವಿನವರೆಗೆ ಬಂದು ಹೋದೆ... ಅವರು ಅತ್ತುಬಿಟ್ರು. ನನ್ನ ಕೈಲಿ ಆಗಲಿಲ್ಲ. ನಿಮಗೆ ಕೊಟ್ಟ ಮಾತೂ ಮುರಿದೆ."

"ಹೌದು. ಮುರಿದ್ರಿ." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಅದು ನನ್ನ ನೋಟ್‌ಬುಕ್. ನನ್ನ ನಾಲ್ಕು ವರ್ಷ. ಹಾಕಬೇಕಾ ಬೇಡವಾ ಅಂತ ನೀವಿಬ್ಬರು ಗಂಡಸರು ಗೇಟ್ ಹತ್ರ ನಿಂತು ತೀರ್ಮಾನ ಮಾಡಿದ್ರಿ. ನನ್ನನ್ನ ಒಂದು ಮಾತು ಕೇಳಬೇಕಿತ್ತು. ಜಗಳ ಆಡ್ತಿದ್ದೆ, ಅಳ್ತಿದ್ದೆ... ಆದ್ರೂ ಕೇಳಬೇಕಿತ್ತು."

"ಕೇಳಬೇಕಿತ್ತು," ಅಂದ ಅವನು. ನೆಪ ಹೇಳಲಿಲ್ಲ.

"ನಾನೂ ಕೇಳಬೇಕಿತ್ತು. ಯಾಕೆ ಅಂತ ಒಂದ್ಸಲ ಕೇಳಿ, ಉತ್ತರಕ್ಕೂ ಕಾಯದೆ ಏನೇನೋ ಅಂದುಬಿಟ್ಟೆ. ಹೊಗಳಿಕೆಯ ಆಸೆ ಅಂದೆ..."

"ಅದೊಂದು ಮಾತು ಮಾತ್ರ..." ಅವನು ನಗಲು ನೋಡಿದ, ಆಗಲಿಲ್ಲ. "ಅದೊಂದು ಬಹಳ ನೋಯ್ತು."

ಸಭಾಂಗಣದಲ್ಲಿ ಚಪ್ಪಾಳೆ ಸಿಡಿಯಿತು. ಇವರಿಬ್ಬರೂ ಕೇಳಿಸಿಕೊಳ್ಳಲಿಲ್ಲ.

ಗುಬ್ಬಿಯ ಕಣ್ಣು ಅವನ ಬೆರಳುಗಳ ಮೇಲೆ ಬಿತ್ತು. ಒದ್ದೆಯಾದ ಕೈಗವಸನ್ನು ತೆಗೆದು ಎಸೆದಿದ್ದ. ಬೆರಳ ತುದಿಗಳು ಬಿಳಿಚಿಕೊಂಡು ಸೆಟೆದಿದ್ದವು.

"ಅಯ್ಯೋ! ಇದೇನಿದು? ಕೊಡಿ ಇಲ್ಲಿ!"

"ಏನಿಲ್ಲ, ಸ್ವಲ್ಪ ಮರಗಟ್ಟಿವೆ ಅಷ್ಟೇ..."

ಅವಳು ಅವನ ಎರಡೂ ಕೈಗಳನ್ನು ತನ್ನ ಅಂಗೈಗಳ ನಡುವೆ ತೆಗೆದುಕೊಂಡು, ಉಜ್ಜದೆ, ಮೆಲ್ಲಗೆ ಮುಚ್ಚಿ ಹಿಡಿದಳು. ಬಗ್ಗಿ ಬಾಯಿಯ ಬಿಸಿಯುಸಿರು ಊದಿದಳು. ಅವನು ಉಸಿರಾಡಲೂ ಹೆದರಿದವನಂತೆ ನಿಂತಿದ್ದ.

"ಏನಾದ್ರೂ ಗೊತ್ತಾಗ್ತಿದೆಯಾ?"

"ಇಲ್ಲ..."

"ಈಗ?"

"ಇಲ್ಲ... ನಿಮ್ಮ ಹತ್ರ ಒಂದು ಕೇಳಲಾ? ಈ ಸಲ ಮೊದಲೇ ಕೇಳ್ತಿದ್ದೀನಿ."

ಗುಬ್ಬಿ ಊದುವುದನ್ನು ನಿಲ್ಲಿಸಿದಳು. "ಕೇಳಿ."

"ನನ್ನ ಹತ್ರ ಈಗ ಕಾರ್ಡೂ ಇಲ್ಲ. ಪಟ್ಟೀಲಿ ಹೆಸರೂ ಇಲ್ಲ. ಮುಂದಿನ ಸಲವೂ ಕೊನೆಯವನೇ ಆಗಬಹುದು. ಆದ್ರೂ... ಇನ್ನು ಮೇಲೆ ಶನಿವಾರ ಮಾತ್ರ ಅಲ್ಲ, ಎಲ್ಲಾ ದಿನವೂ ನಿಮ್ಮ ಜೊತೆ ಇರಬೇಕು ಅಂತ ಆಸೆ. ಒಪ್ಪಿದ್ರೆ... ಮದುವೆ ಆಗೋಣ. ಇಲ್ಲ ಅಂದ್ರೂ ಸರಿ. ನನ್ನ ಪ್ರೀತಿ ಏನೂ ಕಡಿಮೆ ಆಗಲ್ಲ."

ಅವಳು ತಲೆಯೆತ್ತಲಿಲ್ಲ. ಒಂದು ಬಿಸಿ ಹನಿ ಅವನ ಬೆರಳ ಮೇಲೆ ಬಿತ್ತು.

"ಈಗ ಗೊತ್ತಾಯ್ತು," ಅಂದ ಅವನು ಮೆಲ್ಲಗೆ. "ಬಿಸಿ..."

"ಕೈ ಬಿಡ್ಲಾ ಹಾಗಾದ್ರೆ?"

"ಬೇಡ..."

"ಬಿಡಲ್ಲ ಕಣೋ," ಅಂದಳು ಗುಬ್ಬಿ. 'ನೀವು' ಎಲ್ಲಿ ಜಾರಿಹೋಯಿತೋ ಅವಳಿಗೇ ತಿಳಿಯಲಿಲ್ಲ. "ನೀನೂ ಬಿಡಬೇಡ."